ಚೆಂಡು ಕಲ್ಲಲ್ಲ

ಜೀಡಿಮೆಟ್ಲಾ, ಹೈದರಾಬಾದ್
8 ಜುಲೈ 2024

ಮಾಣಿಕಪ್ಪನವರಿಗೆ ನಮಸ್ಕಾರ.

ನಾನು ನಿಮ್ಮ ಮಗಳು ಭಾಗ್ಯಶ್ರೀಯ ಶಾಲೆಯ ಆಟದ ಟೀಚರು, ಗುರುದೇವಿ. ತವರು ಬೀದರ್ ಕಡೆ, ಮನೆ ಲಿಂಗಂಪಲ್ಲಿ. ನಿಮ್ಮ ಜೊತೆ ಫೋನಿನಲ್ಲೇ ಮಾತಾಡೋಣವೆಂದು ಎಷ್ಟೋ ಭಾನುವಾರ ಒದ್ದಾಡಿದೆ. ನೀವು ‘ಹಲೋ’ ಅನ್ನುವಷ್ಟರಲ್ಲಿ ಆ ಹಿಮಾಚಲದ ಬೆಟ್ಟ ನಿಮ್ಮ ದನಿಯನ್ನು ನುಂಗಿಬಿಡುತ್ತದೆ. “ಕಾಗದ ಬರೀರಿ ಅಕ್ಕೋರ, ರೇಷನ್ ಲಾರಿಯೊಳಗ ಹೋಗಿ ಮುಟ್ಟತೈತಿ” ಎಂದಳು ನಿಮ್ಮ ಮಗಳು. ಕನ್ನಡದಲ್ಲಿ ಕಾಗದ ಬರೆದು ಯಾವ ಕಾಲವಾಯಿತೋ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗಾಬರಿ ಬೇಡ, ಹುಡುಗಿ ಆರಾಮಾಗಿದ್ದಾಳೆ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಬೇಸ್‌ಬಾಲ್ ಕಲಿಸುತ್ತೇನೆ. ಒಬ್ಬಳು ಚೆಂಡು ಎಸೆಯುತ್ತಾಳೆ, ಇನ್ನೊಬ್ಬಳು ಒನಕೆಯಂಥ ದುಂಡನೆಯ ಬ್ಯಾಟಿನಿಂದ ಬಾರಿಸಿ ಓಡುತ್ತಾಳೆ. ಕ್ರಿಕೆಟ್ಟಿಗೆ ದೂರದ ನೆಂಟಸ್ತಿಕೆ ಎಂದಿಟ್ಟುಕೊಳ್ಳಿ. ಹೋದ ತಿಂಗಳು ಮೊದಲ ಸಲ ಬ್ಯಾಟು ಹಿಡಿದ ನಿಮ್ಮ ಭಾಗ್ಯಶ್ರೀ ಚೆಂಡನ್ನು ಕಾಂಪೌಂಡು ದಾಟಿಸಿ ಔಷಧಿ ಕಾರ್ಖಾನೆಯ ತಗಡಿನ ಮೇಲೆ ಕೆಡವಿದಳು. ಯಾರೂ ಕಲಿಸಿದ್ದಲ್ಲ. ಹಿಮ್ಮಡಿಯಿಂದ ಬಲ ಎಳೆದುಕೊಂಡು, ‘ಹ್ಞೂಂ’ ಎಂದು ಉಸಿರು ಬಿಟ್ಟು ಬೀಸುತ್ತಾಳೆ. ನೋಡುತ್ತ ನಿಂತರೆ ನನ್ನ ಮೈ ಹಗುರಾಗುತ್ತದೆ.

ತೊಂದರೆ ಒಂದೇ. ಬೀಸುವಾಗ ಅವಳು ಕಣ್ಣು ಮುಚ್ಚುತ್ತಾಳೆ. ರೆಪ್ಪೆ ಮಿಟುಕಿಸಿದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಚೆಂಡು ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಪೂರ್ತಿ ಮುಚ್ಚಿ, ನಿದ್ದೆಯಲ್ಲಿದ್ದವಳ ಹಾಗೆ ಹೊಡೆಯುತ್ತಾಳೆ. ಮೊಬೈಲಿನಲ್ಲಿ ವಿಡಿಯೋ ತೆಗೆದು ನಿಧಾನ ಮಾಡಿ ತೋರಿಸಿದೆ. ತನ್ನ ಮುಖ ನೋಡಿಕೊಂಡು ತಾನೇ ನಕ್ಕಳು. “ಕಣ್ಣು ತಗಿಯವ್ವ” ಅಂದರೆ, “ಅಪ್ಪ ಮುಚ್ಚು ಅಂದಾನ್ರಿ. ಅಪ್ಪ ಹೇಳಿದ್ರ ತಗೀತೀನಿ” ಅನ್ನುತ್ತಾಳೆ. ಎಲ್ಲಿಯ ಅಪ್ಪ, ಎಲ್ಲಿಯ ಬೇಸ್‌ಬಾಲು!

ಡಿಸೆಂಬರಿನಲ್ಲಿ ರಾಜ್ಯ ತಂಡದ ಆಯ್ಕೆ ಇದೆ. ಅಲ್ಲಿ ಎಸೆಯುವವರ ಕೈ ಜೋರು, ಚೆಂಡು ಕೊನೆಯ ಗಳಿಗೆಯಲ್ಲಿ ಬಾಗುತ್ತದೆ. ಕಣ್ಣು ಮುಚ್ಚಿದವಳಿಗೆ ಅದು ಗೊತ್ತಾಗುವುದು ಹೇಗೆ? ಕಣ್ಣು ತೆರೆದಿಟ್ಟುಕೋ ಎಂದು ಅವಳಿಗೆ ಒಂದು ಸಾಲು ಬರೆಯಿರಿ. ಅಷ್ಟು ಸಾಕು.

ಇತಿ,
ಗುರುದೇವಿ

*

ಸುರಂಗ ಕ್ಯಾಂಪು, ಹಿಮಾಚಲ
2 ಆಗಸ್ಟ್ 2024

ಗುರುದೇವಿ ಅಕ್ಕೋರಿಗೆ ಮಾಣಿಕಪ್ಪ ಮಾಡುವ ಶರಣಾರ್ಥಿ.

ಬರೆಯುವ ಕೈ ನನ್ನದಲ್ಲ, ಹುಲಗೇಶನದು. ಕೊಪ್ಪಳದವನು, ನನ್ನ ಜೊತೆಯೇ ಕೆಲಸ ಮಾಡುತ್ತಾನೆ. ನಾನು ಹೇಳಿದ್ದನ್ನು ಪುಸ್ತಕದ ಭಾಷೆಗೆ ತಿರುಗಿಸುತ್ತಾನೆ. (ಅಕ್ಕೋರೇ, ಈತ ಹೇಳುವ ಹಾಗೆಯೇ ಬರೆದರೆ ನೀವು ಅರ್ಧಕ್ಕೇ ಮಡಿಚಿಡುತ್ತೀರಿ. – ಹು.)

ನಾವು ಶಹಾಬಾದ್ ಕಡೆಯ ಕಲ್ಲು ಖಣಿಯ ಮಂದಿ. ಇಲ್ಲಿಯೂ ಅದೇ ಕೆಲಸ, ಸುರಂಗದ ಬಾಯಿಯಲ್ಲಿ ಗೋಡೆಗೆ ಕಲ್ಲು ಒಡೆದು ಕೊಡುತ್ತೇನೆ. ನನಗೆ ಎಡಗಣ್ಣಿಲ್ಲ. ಭಾಗ್ಯಾ ಹುಟ್ಟುವ ಮೊದಲೇ ಹೋಯಿತು. ಉಗುರಿನಷ್ಟೂ ಇಲ್ಲದ ಒಂದು ಚಕ್ಕೆ ಹಾರಿ ಬಂದು ಕೂತಿತು, ಅಷ್ಟೇ. ಖಣಿಯಲ್ಲಿ ಕನ್ನಡಕ ಕೊಡುತ್ತಾರೆ. ಅದರ ಮೇಲೆ ಧೂಳು ಕೂತು ಕಲ್ಲೇ ಕಾಣದಂತಾಗುತ್ತದೆಂದು ಎಲ್ಲರೂ ಹಣೆಯ ಮೇಲೆ ಏರಿಸಿಕೊಳ್ಳುತ್ತಾರೆ. ಅದಕ್ಕೇ ನಮ್ಮಲ್ಲಿ ಒಂದು ರೂಢಿ. ಎಲ್ಲಿ ಹೊಡೆಯಬೇಕೋ ಅಲ್ಲಿ ಕಣ್ಣು ನೆಡಬೇಕು, ಸುತ್ತಿಗೆ ಎತ್ತಬೇಕು, ಅದು ಇಳಿಯುವ ಹೊತ್ತಿಗೆ ಕಣ್ಣು ಮುಚ್ಚಬೇಕು.

ನಮ್ಮ ಸಂಸಾರ ಹೈದರಾಬಾದಿಗೆ ಬರುವ ಮೊದಲು, ಖಣಿಯಲ್ಲಿ ಅವಳ ತಾಯಿ ಗದಿಗೆಮ್ಮ ಜಲ್ಲಿ ಒಡೆಯುವಾಗ ಭಾಗ್ಯಾ ಪಕ್ಕದಲ್ಲಿ ಕೂತು ಚಿಕ್ಕ ಸುತ್ತಿಗೆಯಲ್ಲಿ ಆಡುತ್ತಿದ್ದಳು. ನಾನು ಅವಳ ಕಣ್ಣ ಮೇಲೆ ಅಂಗೈ ಇಟ್ಟು ಕಲಿಸಿದೆ. “ಏಟು ಬೀಳೋ ಹೊತ್ತಿಗೆ ಮುಚ್ಚು, ಕೈಗೆ ದಾರಿ ಗೊತ್ತಿರತೈತಿ” ಅಂದೆ. ಮಾತು ಬರುವುದಕ್ಕೂ ಮೊದಲು ಅದನ್ನು ಕಲಿತಳೋ ಏನೋ. ನಾನು ಅವಳಿಗೆ ಕೊಟ್ಟದ್ದು ಅದೊಂದೇ.

ನೀವು ಕೇಳಿದ ಸಾಲು ನನ್ನಿಂದ ಆಗುವುದಿಲ್ಲ. ಹುಲಗೇಶ ಬರೆಯಲು ಪೆನ್ನು ಎತ್ತಿದ, ನಾನು ಅವನ ಕೈ ಹಿಡಿದೆ. ಆಡಿಸಲೇಬೇಕಾದರೆ ಕಣ್ಣು ಮುಚ್ಚಿಯೇ ಆಡಿಸಿ. ಇಲ್ಲವಾದರೆ ಓಡುವ ಆಟ ಯಾವುದಾದರೂ ಕಲಿಸಿ.

ನಿಮ್ಮ
ಮಾಣಿಕಪ್ಪ

*

ಜೀಡಿಮೆಟ್ಲಾ
1 ಸೆಪ್ಟೆಂಬರ್ 2024

ಅಪ್ಪಾ,

ನೀನು ಅಕ್ಕೋರಿಗೆ ಬರೆದದ್ದನ್ನು ಅವರು ನನಗೂ ಓದಲು ಕೊಟ್ಟರು. ಸಿಟ್ಟಾಗಲಿಲ್ಲ. ಮೈದಾನದ ಕಟ್ಟೆಯ ಮೇಲೆ ಕೂರಿಸಿ ನನಗೆ ಹುರಿಗಡಲೆ ಕೊಡಿಸಿದರು. ಅವತ್ತಿನಿಂದ ಕಣ್ಣಿನ ಮಾತೇ ಎತ್ತಿಲ್ಲ. ಆದರೆ ಉಳಿದ ಹುಡುಗಿಯರು ಬಿಡಬೇಕಲ್ಲ, ನಾನು ಬ್ಯಾಟು ಎತ್ತಿದರೆ ಸಾಕು, “ಕಳ್ಳು ತೆರು, ಭಾಗ್ಯಾ, ಕಳ್ಳು ತೆರು!” ಎಂದು ತೆಲುಗಿನಲ್ಲಿ ಬಾಯಿ ಬಡಿದುಕೊಳ್ಳುತ್ತಾರೆ, ಕಣ್ಣು ತೆರೆ ಅಂತ. ತೆರೆದರೆ ಏನು ಕೊಡುತ್ತೀರಿ ಎಂದು ಕೇಳುತ್ತೇನೆ.

ನಾನು ಯಾಕೆ ತೆರೆಯುವುದಿಲ್ಲವೆಂದು ನಿನಗೊಬ್ಬನಿಗೆ ಹೇಳುತ್ತೇನೆ. ಚೆಂಡು ಎಸೆಯುವವಳ ಕೈ ಬಿಡುವುದನ್ನು ನೋಡುತ್ತೇನೆ. ಆಮೇಲೆ ಮುಚ್ಚುತ್ತೇನೆ. ಬಿಸಿಲು ರೆಪ್ಪೆಯೊಳಗೆ ಕೆಂಪಗೆ ನಿಲ್ಲುತ್ತದೆ. ಲಾರಿಗಳ ಸದ್ದು, ಕಾರ್ಖಾನೆಯ ಸೈರನ್ನು, ಎಲ್ಲ ಎಲ್ಲೋ ದೂರ ಹೋಗುತ್ತವೆ. ಬೆಳ್ಳನೆಯ ಧೂಳು ಏಳುತ್ತದೆ, ನಮ್ಮ ಖಣಿಯದು. ಅದರ ನಡುವೆ ನೀನು ನಿಂತಿರುತ್ತೀ. ಬನಿಯನ್ನು ಬೆನ್ನಿಗೆ ಅಂಟಿರುತ್ತದೆ. ಸುತ್ತಿಗೆ ಮೇಲಕ್ಕೆ ಹೋಗುತ್ತದೆ, ಬಹಳ ಹೊತ್ತು ಅಲ್ಲೇ ಇರುತ್ತದೆ, ನೀನು ‘ಹ್ಞೂಂ’ ಅನ್ನುತ್ತೀ. ನಾನೂ ಅನ್ನುತ್ತೇನೆ. ಅಷ್ಟರಲ್ಲಿ ಅಂಗೈಗೆ ಏಟು ತಾಗಿರುತ್ತದೆ. ಇಷ್ಟೆಲ್ಲ ಅಷ್ಟು ಚಿಕ್ಕ ಹೊತ್ತಿನಲ್ಲಿ ಹೇಗೆ ಹಿಡಿಸುತ್ತದೋ ನನಗೆ ತಿಳಿಯದು.

ಮನೆಯಲ್ಲಿ ಕಣ್ಣು ಮುಚ್ಚಿ ನೋಡಿದ್ದೇನೆ, ನೀನು ಬರುವುದಿಲ್ಲ. ನೀನು ಹೋಗಿ ಎರಡು ದೀಪಾವಳಿ ಆಯಿತು. ಫೋಟೋದಲ್ಲಿರುವ ಮುಖ ಸ್ಟುಡಿಯೋದವನದು ಅನ್ನಿಸುತ್ತದೆ. ಬ್ಯಾಟು ಹಿಡಿದಾಗ ಬರುವವನೇ ನೀನು. ಅದಕ್ಕೇ ಹೇಳುತ್ತೇನೆ, ಅಕ್ಕೋರು ಎಷ್ಟೇ ಕೇಳಲಿ, ಆ ಸಾಲು ಬರೆಯಬೇಡ.

ಅವ್ವ ಆರಾಮಾಗಿದ್ದಾಳೆ. ಕಾರ್ಖಾನೆಯ ಪ್ಯಾಕಿಂಗ್ ಕೆಲಸದಲ್ಲಿ ಈಗ ಕುರ್ಚಿ ಕೊಟ್ಟಿದ್ದಾರಂತೆ. ನನ್ನ ಭುಜಕ್ಕೆ ಒಂದು ಚೆಂಡು ಸ್ವಲ್ಪ ತಾಗಿದೆ. ಅವಳಿಗೆ ಹೇಳಿಲ್ಲ. ನೀನೂ ಹೇಳಬೇಡ.

ನಿನ್ನ
ಭಾಗ್ಯಾ

*

ಲಿಂಗಂಪಲ್ಲಿ
10 ಅಕ್ಟೋಬರ್ 2024

ಮಾಣಿಕಪ್ಪನವರೇ,

ಮೊದಲೇ ಹೇಳಿಬಿಡುತ್ತೇನೆ, ಅವಳ ಕಣ್ಣಿಗೆ ಏನೂ ಆಗಿಲ್ಲ. ಡಾಕ್ಟರು ಚೆನ್ನಾಗಿ ನೋಡಿದ್ದಾರೆ, ಮೂಳೆಯೂ ಗಟ್ಟಿಯಾಗಿದೆ.

ಸೋಮವಾರ ಬೇರೆ ಶಾಲೆಯವರ ಜೊತೆ ಆಟವಿತ್ತು. ಎಸೆದ ಚೆಂಡು ಒಳಕ್ಕೆ ಬಾಗಿತು. ಕಣ್ಣು ತೆರೆದಿದ್ದ ಯಾವ ಹುಡುಗಿಯಾದರೂ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಇವಳು ಅದರ ಎದುರಿಗೇ ಹೋದಳು. ಹೆಲ್ಮೆಟ್ ಇತ್ತು, ಅದು ಕೆನ್ನೆಯವರೆಗೆ ಬರುವುದಿಲ್ಲ. ಎಡಗಣ್ಣಿನ ಕೆಳಗೆ ಹೊಲಿಗೆ ಬಿದ್ದಿದೆ.

ಆಸ್ಪತ್ರೆಗೆ ಗದಿಗೆಮ್ಮ ಕೆಲಸದ ಬಟ್ಟೆಯಲ್ಲೇ ಓಡಿ ಬಂದರು. ನನ್ನನ್ನು ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. “ನಮ್ಮ ಮನ್ಯಾಗ ಒಂದು ಕಣ್ಣು ಹೋಗೈತ್ರಿ ಅಕ್ಕೋರ. ಸಾಕು” ಎಂದರು.

ಅವಳನ್ನು ತಿದ್ದುವುದೆಂದರೆ ನನಗೇನೂ ಖುಷಿಯಿಲ್ಲ. ತಿದ್ದಿ ತಿದ್ದಿ ಕೊನೆಗೆ ಬ್ಯಾಟು ಕೈಯಲ್ಲಿ ಬರೀ ಕಟ್ಟಿಗೆಯಾಗಿ ಉಳಿದ ಹುಡುಗಿಯರನ್ನು ನೋಡಿದ್ದೇನೆ. ಇವಳ ಹಿಮ್ಮಡಿ, ಉಸಿರು, ಆ ‘ಹ್ಞೂಂ’, ಯಾವುದನ್ನೂ ನಾನು ಮುಟ್ಟುವುದಿಲ್ಲ. ದೇವರಾಣೆ. ಕಣ್ಣಿನ ಮಾತೊಂದನ್ನು ಬಿಟ್ಟುಕೊಡಿ. ಆಯ್ಕೆ ಗೀಯ್ಕೆ ಹಾಳಾಗಿ ಹೋಗಲಿ. ಹುಡುಗಿ ಆಟ ಬಿಡುವುದಿಲ್ಲ ಅನ್ನುತ್ತಿದ್ದಾಳೆ, ಕಣ್ಣು ತೆರೆಯುವುದಿಲ್ಲ ಅಂತಲೂ ಅನ್ನುತ್ತಿದ್ದಾಳೆ. ಎರಡೂ ಒಟ್ಟಿಗೆ ನಡೆದರೆ ಇನ್ನೊಂದು ದಿನ ನಾನು ನಿಮಗೆ ಬೇರೆ ಥರದ ಕಾಗದ ಬರೆಯಬೇಕಾಗುತ್ತದೆ. ನನಗೆ ಭಯವಾಗುತ್ತಿದೆ.

ಗುರುದೇವಿ

*

ಸುರಂಗ ಕ್ಯಾಂಪು
27 ಅಕ್ಟೋಬರ್ 2024

ನನ್ನ ಭಾಗ್ಯಾಳಿಗೆ ಆಶೀರ್ವಾದ.

(ಭಾಗ್ಯಶ್ರೀ, ನಿಮ್ಮಪ್ಪ ಇವತ್ತು ಹೇಳುತ್ತ ಹೇಳುತ್ತ ಎದ್ದು ಹೊರಗೆ ಹೋಗುತ್ತಿದ್ದಾನೆ. ಹೊರಗೆ ಕೊರೆಯುವ ಚಳಿ. ನಾನು ಪೆನ್ನು ಹಿಡಿದು ಕಾಯುತ್ತ ಕೂತಿದ್ದೇನೆ. – ಹುಲಗೇಶ ಮಾಮಾ.)

ಅಕ್ಕೋರ ಕಾಗದ ಬಂದ ಮೇಲೆ ನನಗೆ ಒಂದು ಕನಸು ಬಿತ್ತು. ನಮ್ಮ ಖಣಿಯಲ್ಲಿ ನಾನು ಕಲ್ಲು ಒಡೆಯುತ್ತಿದ್ದೆ. ಚಕ್ಕೆಗಳು ಹಾರಿದವು, ಆದರೆ ಕೆಳಗೆ ಬೀಳಲೊಲ್ಲವು. ಬೆಳ್ಳಗೆ, ಸಾವಕಾಶ, ಗಾಳಿಯಲ್ಲೇ ನಿಂತುಬಿಟ್ಟವು. ನೀನು ಅವುಗಳ ನಡುವೆ ನಡೆದು ಬಂದೆ. ಕಣ್ಣು ಅಗಲವಾಗಿ ತೆರೆದಿದ್ದೀ. ಮುಚ್ಚು ಎಂದು ಕೂಗಬೇಕು, ದನಿ ಬರಲಿಲ್ಲ. ಒಂದು ಚಕ್ಕೆಯೂ ನಿನಗೆ ತಾಗಲಿಲ್ಲ. ಎಚ್ಚರಾಗಿ ಹೊರಗೆ ಬಂದರೆ ಈ ವರ್ಷದ ಮೊದಲ ಹಿಮ ಬೀಳುತ್ತಿತ್ತು. ಮುಖದ ಮೇಲೆ ಬಿದ್ದದ್ದನ್ನು ಒರೆಸಿಕೊಳ್ಳದೆ ಹಾಗೇ ನಿಂತೆ.

ಚೆಂಡು ಕಲ್ಲಲ್ಲ ಮಗಳೇ. ಅದರಿಂದ ಚಕ್ಕೆ ಹಾರುವುದಿಲ್ಲ. ಕಲ್ಲು ಇದ್ದಲ್ಲೇ ಇರುತ್ತದೆ, ಕಣ್ಣು ಮುಚ್ಚಿದರೆ ಓಡಿ ಹೋಗುವುದಿಲ್ಲ, ನಿನ್ನ ಮೇಲೆ ಏರಿ ಬರುವುದೂ ಇಲ್ಲ. ಚೆಂಡು ಬರುತ್ತದೆ. ಬರುವುದನ್ನು ನೋಡಬೇಕು. ನಾನು ಕಲ್ಲಿನ ಮಾತು ಹೇಳಿದ್ದೆ, ನೀನು ಅದನ್ನು ಚೆಂಡಿಗೂ ಹಚ್ಚಿದೆ.

ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಕಣ್ಣು ತೆರೆದು ಹೊಡಿ. ನಾನು ಕಾಣದಿದ್ದರೂ ತೆರೆದು ಹೊಡಿ.

ನಿನ್ನ ಅಪ್ಪ

*

ಜೀಡಿಮೆಟ್ಲಾ
24 ನವೆಂಬರ್ 2024

ಅಪ್ಪಾ,

ನೀನು ಹೇಳಿದ ಹಾಗೆ ಮಾಡಿದೆ. ತೃಪ್ತಿಯಾಯಿತಾ?

ಒಂದೂ ತಾಗುತ್ತಿಲ್ಲ. ಕಣ್ಣು ತೆರೆದರೆ ಚೆಂಡು ಚಿಕ್ಕದಾಗುತ್ತದೆ, ಬೇಗ ಬರುತ್ತದೆ. ಎಸೆಯುವವಳ ಹಲ್ಲು ಕಾಣುತ್ತದೆ, ಗೋಡೆಯ ಮೇಲಿನ ಕೋಚಿಂಗ್ ಕ್ಲಾಸಿನ ಜಾಹೀರಾತು ಕಾಣುತ್ತದೆ, ಕಾಗೆ ಕಾಣುತ್ತದೆ. ನೀನೊಬ್ಬ ಬಿಟ್ಟು ಜಗತ್ತೆಲ್ಲ ಕಾಣುತ್ತದೆ. ಬೀಸಿದ ಬ್ಯಾಟು ಗಾಳಿಯನ್ನು ಹೊಡೆದು ನನ್ನನ್ನೇ ಗಿರಕಿ ತಿರುಗಿಸುತ್ತದೆ. ಹುಡುಗಿಯರು ಈಗ ಕೂಗುವುದಿಲ್ಲ. ಪಾಪ ಅನ್ನುವ ಹಾಗೆ ನೋಡುತ್ತಾರೆ. ಕೂಗುತ್ತಿದ್ದದ್ದೇ ಚೆನ್ನಾಗಿತ್ತು.

ಕೆನ್ನೆಯ ಹೊಲಿಗೆ ಬಿಚ್ಚಿದ್ದಾರೆ. ಕಲೆ ಉಳಿಯುತ್ತದಂತೆ. “ಅಪ್ಪನ ಮಗಳು ಅಂತ ಗೊತ್ತಾಗಲಿ ಬಿಡು” ಎಂದು ಅವ್ವ ನಕ್ಕಳು, ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಭಾಗ್ಯಶ್ರೀ

*

ಅಬಿಡ್ಸ್
8 ಡಿಸೆಂಬರ್ 2024

ಮಾಣಿಕಪ್ಪನವರಿಗೆ ನಮಸ್ಕಾರ.

ಹಳೆಯ ಪುಸ್ತಕ ಹುಡುಕುವ ನೆಪದಲ್ಲಿ ಅಬಿಡ್ಸ್‌ಗೆ ಬಂದೆ. ಬೇಸ್‌ಬಾಲ್ ಕಲಿಸುವ ಪುಸ್ತಕವೊಂದು ಸಿಕ್ಕಿತು. ಫುಟ್‌ಪಾತಿನಲ್ಲೇ ನಿಂತು ಪುಟ ತಿರುವಿದೆ. ಹೇಗೆ ನಿಲ್ಲಬೇಕು, ಹೇಗೆ ಹಿಡಿಯಬೇಕು, ಎಲ್ಲ ಇದೆ. ಅಪ್ಪ ಹೇಳಿಕೊಟ್ಟದ್ದನ್ನು ಬಿಡಿಸಿದ ಮೇಲೆ ಹುಡುಗಿಗೆ ಏನು ಹೇಳಬೇಕು ಅನ್ನುವುದು ಅದರಲ್ಲಿಲ್ಲ. ಅಲ್ಲೇ ಇಟ್ಟು ಬಂದೆ. ಈ ಕಾಗದವನ್ನು ಇಲ್ಲಿಯ ದೊಡ್ಡ ಪೋಸ್ಟಾಫೀಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ನಾನು ಅವಳನ್ನು ಕೆಡಿಸಿದೆನೇನೋ. ಮೊನ್ನೆ ಸಂಜೆ ಎಲ್ಲ ಹುಡುಗಿಯರೂ ಹೋದ ಮೇಲೆ ಒಬ್ಬಳೇ ಬೀಸುತ್ತಿದ್ದಳು. ನೋಡಲಾಗದೆ ನಾನೇ ಸೋತು, “ಹೋಗಲಿ, ಮುಚ್ಚಿಕೊಂಡೇ ಹೊಡಿಯವ್ವ, ನಾ ಮೆತ್ತಗ ಎಸೀತೀನಿ” ಎಂದೆ. ನನ್ನನ್ನು ದಿಟ್ಟಿಸಿ ನೋಡಿದಳು. “ಅಪ್ಪ ತಗಿ ಅಂದಾನ್ರಿ” ಎಂದಳು. ಮತ್ತೆ ಬ್ಯಾಟು ಎತ್ತಿದಳು, ನಾನು ಎಸೆದೆ, ಮತ್ತೆ ತಪ್ಪಿದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಪ್ಪತ್ತೊಂಬತ್ತಕ್ಕೆ ಸಿಕಂದ್ರಾಬಾದಿನಲ್ಲಿ ಆಯ್ಕೆ. ಕರೆದುಕೊಂಡು ಹೋಗುತ್ತೇನೆ, ಏನಾಗುತ್ತದೋ ಆಗಲಿ. ನಿಮಗೆ ರಜೆ ಸಿಗುವುದಾದರೆ ಬನ್ನಿ. ಅವಳಿಗೆ ನಾನು ಹೇಳಿಲ್ಲ. ನೀವು ಬರದೇ ಹೋದರೆ ಅದೊಂದು ಏಟು ಬೇರೆ ಬೇಡ.

ಇತಿ,
ಗುರುದೇವಿ

*

ಸುರಂಗ ಕ್ಯಾಂಪು
19 ಜನವರಿ 2025

ಭಾಗ್ಯಾ,

ಈ ಕಾಗದ ಹುಲಗೇಶನ ಕೈಲೆ ಬರಸಿಲ್ಲ. ನಾನ ಬರಿಯಾಕತ್ತೀನಿ. ಅಕ್ಷರ ಸೊಟ್ಟ ಅದಾವ, ನಗಬ್ಯಾಡ.

ನಿನ್ನ ಆಟ ನೋಡಾಕಂತ ಅಷ್ಟು ದೂರ ಸಿಕಂದ್ರಾಬಾದಿಗೆ ಬಂದೆ. ನನ್ನ ನೋಡಿ ನೀ ಬ್ಯಾಟ್ ಕೆಳಗ ಹಾಕಿ ನಿಂತಿ, ಅದು ಕಣ್ಣಾಗ ಐತಿ. ಮೊದಲು ಎರಡು ಚೆಂಡು ನಿನಗ ಸಿಗಲಿಲ್ಲ. ನಾ ಆ ಕಡೆ, ಚೆಂಡು ಒಗಿಯೋ ಹುಡುಗಿ ಹಿಂದ, ಮೈದಾನದ ಅಂಚಿಗೆ ಕಟ್ಟಿದ ಬಲಿ ಹಿಡಕೊಂಡು ನಿಂತಿದ್ದೆ. ಆ ಹುಡುಗಿ ಮತ್ತ ಕೈ ಎತ್ತಿದ್ಲು. ನೀ ಬ್ಯಾಟ್ ಎತ್ತಿದಿ. ನನ್ನ ಕಣ್ಣು ಮುಚ್ಚಿತು. ನಾ ಮುಚ್ಚಲಿಲ್ಲ, ಅದ ಮುಚ್ಚಿತು. ಸಪ್ಪಳ ಕೇಳಿತು. ತಗದು ನೋಡಿದ್ರ ಚೆಂಡು ಎಲ್ಲೂ ಇಲ್ಲ. ಮಂದಿ ಎಲ್ಲಾ ನನ್ನ ತಲಿ ಮ್ಯಾಲ ನೋಡಾಕತ್ತಿದ್ರು. ನೀ ಓಡಾಕತ್ತಿದ್ದಿ.

ಚಹಾದ ಅಂಗಡಿ ಮುಂದ ನೀ ಕೇಳಿದಿ, ಅಪ್ಪಾ ನೋಡಿದೇನು ಅಂತ. ನೋಡಿದೆ, ಭಾಳ ಚಲೋ ಹೊಡದಿ ಅಂದೆ. ಸುಳ್ಳು. ರೈಲಿನ್ಯಾಗ ಬರೋ ದಾರಿ ಪೂರಾ ಅದು ಎದಿಯೊಳಗ ಚುಚ್ಚತಿತ್ತು. ನಿನಗ ಕಣ್ಣು ತಗಿ ಅಂದಾಂವ ನಾನು. ನನಗ ಆಗಲಿಲ್ಲ.

ಚೆಂಡು ಹೆಂಗ ಬಂತು, ಹೆಂಗ ಹೋತು, ಎಲ್ಲಾ ಬರಿ. ನಾ ಸಾವಕಾಶ ಓದತೀನಿ.

ನಿಮ್ಮಪ್ಪ

*

ಜೀಡಿಮೆಟ್ಲಾ
9 ಫೆಬ್ರವರಿ 2025

ಅಪ್ಪಾ,

ನನಗೆ ಗೊತ್ತಿತ್ತು. ಚಹಾದ ಅಂಗಡಿಯ ಮುಂದೆ ನೀನು “ನೋಡಿದೆ” ಅಂದಾಗಲೇ ಗೊತ್ತಿತ್ತು. ಹೇಗೆ ಅಂತ ಕೊನೆಗೆ ಹೇಳುತ್ತೇನೆ.

ಮೊದಲು ಚೆಂಡು ಹೇಗೆ ಬಂತು ಅನ್ನುವುದು. ಎಸೆಯುವವಳ ಕೈ ಬಿಟ್ಟಾಗ ಎಂದಿನಂತೆ ಚಿಕ್ಕದಿತ್ತು. ನನ್ನ ರೆಪ್ಪೆ ನಡುಗಿತು, ಮುಚ್ಚಲು ಬಿಡಲಿಲ್ಲ. ಅರ್ಧ ದಾರಿ ದಾಟಿತು. ಅದರಿಂದ ಆಚೆಗೆ ಚೆಂಡು ಏನು ಮಾಡುತ್ತದೆಂದು ನಾನು ಸರಿಯಾಗಿ ನೋಡಿದ್ದೇ ಇಲ್ಲ ಅಪ್ಪಾ. ಅದಕ್ಕೆ ಕೆಂಪು ದಾರದ ಹೊಲಿಗೆ ಇದೆಯಲ್ಲ, ಅದು ತಿರುಗುತ್ತಿತ್ತು. ನಿಧಾನಕ್ಕೆ, ಒಂದೊಂದು ಎಳೆಯೂ ಕಾಣುವಷ್ಟು ನಿಧಾನಕ್ಕೆ ತಿರುಗುತ್ತ ಬಂತು. ಲಾರಿ ಸದ್ದು, ಜನರ ಸದ್ದು ಎಲ್ಲ ದೂರ ಹೋದವು, ಹಿಂದೆ ಕಣ್ಣು ಮುಚ್ಚಿದಾಗ ಹೋಗುತ್ತಿದ್ದ ಹಾಗೆಯೇ. ಚೆಂಡು ದೊಡ್ಡದಾಯಿತು. ನನ್ನ ಕಡೆಗೆ ಸ್ವಲ್ಪ ಬಾಗಿತು, ನಾನೂ ಸ್ವಲ್ಪ ಹಿಂದೆ ಸರಿದು ಜಾಗ ಕೊಟ್ಟೆ. ‘ಹ್ಞೂಂ’ ಅಂದೆ. ಬ್ಯಾಟಿಗೆ ಕೂತದ್ದನ್ನು ಕಂಡೆ. ಒಂದು ಕ್ಷಣ ಅಲ್ಲೇ ಇತ್ತು. ಆಮೇಲೆ ಏರುತ್ತ ಹೋಯಿತು, ಎಸೆದವಳ ಹೆಗಲು ದಾಟಿತು, ಬಲೆ ದಾಟಿತು, ನಿನ್ನ ತಲೆಯ ಮೇಲೆ ಹೋಗಿ ಬೇವಿನ ಮರದೊಳಗೆ ಬಿತ್ತು. ಮರದಿಂದ ಗಿಳಿಗಳು ಎದ್ದವು. ಅದನ್ನೂ ನೀನು ನೋಡಲಿಲ್ಲ.

ತಂಡದ ಹೆಸರುಗಳು ಬಂದಿವೆ. ನನ್ನದು ಕೊನೆಯಲ್ಲಿದೆ, ಯಾರಾದರೂ ಬಿದ್ದರೆ ಆಡುವವರ ಸಾಲಿನಲ್ಲಿ. ಅಕ್ಕೋರು ಇಡೀ ಶಾಲೆಗೆ ಪೇಢೆ ಹಂಚಿದರು, ಮೊದಲ ಹೆಸರೇ ನನ್ನದು ಅನ್ನುವ ಹಾಗೆ. ನನ್ನ ಹಿಮ್ಮಡಿ ಪುಸ್ತಕದ ಪ್ರಕಾರ ತಪ್ಪು ಎಂದು ಆಯ್ಕೆಯವರು ಹೇಳಿದರಂತೆ. ಅದಕ್ಕೆ ಅಕ್ಕೋರು, “ಅದನ್ನ ಮುಟ್ಟಬ್ಯಾಡ್ರಿ, ನಾ ಅವರಪ್ಪಗ ಮಾತು ಕೊಟ್ಟೀನಿ” ಎಂದು ಜಗಳಕ್ಕೇ ನಿಂತರು.

ಈಗ ನನಗೆ ಹೇಗೆ ಗೊತ್ತಾಯಿತು ಅನ್ನುವುದು. ನೀನು ನಿಂತದ್ದು ಚೆಂಡು ಬರುವ ದಿಕ್ಕಿನಲ್ಲೇ. ಅದು ನನ್ನ ಹತ್ತಿರ ಬರುವವರೆಗೂ ಅದರ ಹಿಂದೆ ನೀನಿದ್ದೆ. ತಲೆ ತಗ್ಗಿಸಿ, ಭುಜ ಕಿವಿಯವರೆಗೆ ಎತ್ತಿ, ಸುತ್ತಿಗೆ ಇಳಿಯುವಾಗ ನಿಲ್ಲುತ್ತಿದ್ದೆಯಲ್ಲ, ಹಾಗೇ ನಿಂತಿದ್ದೆ. ಖಣಿಯಲ್ಲಿ ನಾನು ನಿನ್ನ ಬೆನ್ನನ್ನೇ ನೋಡುತ್ತಿದ್ದೆ. ಈ ಸಲ ನೀನು ನನ್ನ ಕಡೆ ಮುಖ ಮಾಡಿದ್ದೆ. ಕಣ್ಣು ತೆರೆದರೆ ನೀನು ಹೋಗಿಬಿಡುತ್ತೀ ಎಂದು ಎಷ್ಟು ಹೆದರಿದ್ದೆ ಗೊತ್ತಾ?

ಮುಂದಿನ ರಜೆಗೆ ಬಾ. ಅದೇ ಬಲೆಯ ಹಿಂದೆ ನಿಲ್ಲು, ನಾನು ಇನ್ನೊಂದು ಹೊಡೆಯುತ್ತೇನೆ. ಚೆಂಡಿನಿಂದ ಚಕ್ಕೆ ಹಾರುವುದಿಲ್ಲ ಅಪ್ಪಾ. ನೀನು ನೋಡಬಹುದು.

ನಿನ್ನ
ಭಾಗ್ಯಾ